ಒಳಕೋಣೆಯ ಕಂಪ್ಯೂಟರಿಗೂ ವೈಫೈ

ಹಾಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ವೈಫೈ ಮೊದಲಿಂದಲೂ ಇದೆ. ಒಳಕೋಣೆಯ ಹಳೆಯ ಡೆಸ್ಕ್‌ಟಾಪ್‌ಗೆ ಮಾತ್ರ ಇಂಟರ್ನೆಟ್ ಇರಲಿಲ್ಲ. ಅದರಲ್ಲಿ ಇರೋದು ಲ್ಯಾನ್ ಪೋರ್ಟ್ (ನೆಟ್ ಕೇಬಲ್ ಸಿಕ್ಕಿಸುವ ಕಿಂಡಿ) ಒಂದೇ. ನನ್ನನ್ನು ಕೇಳಿದರೆ ಕೇಬಲ್ ಎಳೆಯೋದೇ ವಾಸಿ, 100 ಮೀಟರ್‌ವರೆಗೂ ತೊಂದರೆ ಇಲ್ಲ. ಆದರೆ ಗೋಡೆ ಕೊರೆಯುತ್ತೇನೆ ಅಂದರೆ ಮನೆಯಲ್ಲಿ ಯಾರು ಒಪ್ಪುತ್ತಾರೆ? ಕೊನೆಗೆ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ತಂದೆ.

ಅದರ ಜೊತೆ ಡ್ರೈವರ್, ಅಂದರೆ ಅಡಾಪ್ಟರನ್ನು ನಡೆಸುವ ಸಾಫ್ಟ್‌ವೇರ್, ಇರುವ ಸಿಡಿ ಬಂತು. ಈ ಕಂಪ್ಯೂಟರಿನ ಸಿಡಿ ಡ್ರೈವ್ ಕೆಟ್ಟು ಯಾವ ಕಾಲವಾಯಿತೋ. ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ! ಇದಕ್ಕೆ ಸುಲಭದ ದಾರಿ ಫೋನ್. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ವೈರಿನಿಂದಲೇ ಕಂಪ್ಯೂಟರಿಗೆ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ವೈರ್ ಮೂಲಕ ಕಂಪ್ಯೂಟರಿಗೆ ಕೊಡೋದು) ಆನ್ ಮಾಡಿದೆ. ವಿಂಡೋಸ್ 10 ಅದನ್ನೇ ನೆಟ್‌ವರ್ಕ್ ಅಂತ ಗುರುತಿಸಿತು, ಡ್ರೈವರ್ ಇಳಿಯಿತು. ವೈಫೈ ಹೆಸರು ಆರಿಸಿ ಪಾಸ್‌ವರ್ಡ್ ಹಾಕಿದ್ದು ಬಿಟ್ಟರೆ ಬೇರೆ ಕೆಲಸವೇ ಇರಲಿಲ್ಲ. ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಐಪಿ ವಿಳಾಸವನ್ನು ರೂಟರೇ ಕೊಡುತ್ತದೆ.

ತಮಾಷೆ ಶುರುವಾಗಿದ್ದು ಆಮೇಲೆ. ಸಿಗ್ನಲ್ ಗೆರೆಗಳು ಚೆನ್ನಾಗಿಯೇ ಇದ್ದವು, ಆದರೆ ಹೊರಗಿನ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ಹಾಕಿದಾಗಲೆಲ್ಲ ನೆಟ್ ತೆವಳುತ್ತಿತ್ತು. ಡಿಸ್ಕ್ ಯುಎಸ್‌ಬಿ 3.0, ಅಡಾಪ್ಟರ್ ಅದರ ಪಕ್ಕದ ಪೋರ್ಟಿನಲ್ಲಿ. ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಆವರ್ತನದ ಸುತ್ತಮುತ್ತಲೂ ಹರಡುತ್ತದೆ. ನಮ್ಮ ವೈಫೈ ಮಾತಾಡುತ್ತಿದ್ದದ್ದೂ ಅಲ್ಲೇ ತಾನೆ? ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದಿದೆ. ಸಾಲದ್ದಕ್ಕೆ ಅಡಾಪ್ಟರ್ ಇದ್ದದ್ದು ಕ್ಯಾಬಿನೆಟ್ಟಿನ ಬೆನ್ನಿಗೆ. ಮುಂದೆ ತಗಡು, ಹಿಂದೆ ಗೋಡೆ.

ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಅಡಾಪ್ಟರನ್ನು ಮೇಜಿನ ಮೇಲೆ, ಮಾನಿಟರ್ ಪಕ್ಕಕ್ಕೆ ತಂದಿಟ್ಟೆ. ಅಷ್ಟೇ! ಬ್ಯಾಕಪ್ ನಡೆಯುತ್ತಿದ್ದರೂ ವಿಡಿಯೊ ನಿಲ್ಲದೆ ಓಡಿತು. ದುಡ್ಡು ಸುರಿದು ಜಾಸ್ತಿ ಆಂಟೆನಾದ ರೂಟರ್ ತರುವ ಮೊದಲು ಈ ವೈರ್ ಹಾಕಿ ನೋಡಿ. ವೈಫೈ ಬಳಸುವ ಇನ್ನೊಂದು ಆವರ್ತನ 5 ಗಿಗಾಹರ್ಟ್ಸ್‌ಗೆ ಈ ಗದ್ದಲದ ಕಾಟ ಅಷ್ಟಾಗಿ ಇಲ್ಲ, ವೇಗವೂ ಜಾಸ್ತಿ. ಆದರೆ ಗೋಡೆ ದಾಟುವುದರಲ್ಲಿ ಅದು ಸೋಮಾರಿ. ನಮ್ಮ ಒಳಕೋಣೆಗೆ ಬರುವಷ್ಟರಲ್ಲಿ ಉಸಿರೇ ಇರಲ್ಲ, ಹಾಗಾಗಿ 2.4ರಲ್ಲೇ ಬಿಟ್ಟಿದ್ದೇನೆ.

ಎರಡೂ ಕಂಪ್ಯೂಟರ್ ಒಂದನ್ನೊಂದು ನೋಡಬೇಕು ಅಂದರೆ ಎರಡನ್ನೂ ಮುಖ್ಯ ವೈಫೈ ಹೆಸರಿಗೇ ಸೇರಿಸಿ. ಗೆಸ್ಟ್ ನೆಟ್‌ವರ್ಕ್‌ಗೆ (ಅತಿಥಿಗಳಿಗೆಂದು ಇಡುವ ಬೇರೆ ವೈಫೈ ಹೆಸರು) ಸೇರಿಸಿದರೆ ನೆಟ್ ಬರುತ್ತದೆ, ಆದರೆ ಸಾಮಾನ್ಯವಾಗಿ ಮನೆಯ ಬೇರೆ ಕಂಪ್ಯೂಟರ್ ಕಾಣಿಸಲ್ಲ. ವಿಂಡೋಸ್‌ನಲ್ಲಿ ನೆಟ್‌ವರ್ಕ್ 'ಪ್ರೈವೇಟ್' ಅಂತ ಇರಲಿ, 'ಪಬ್ಲಿಕ್' ಬೇಡ.

ಫೋಲ್ಡರ್ ಶೇರ್ ಮಾಡಿದ ಮೇಲೂ ಫೋಟೊಗಳು ನಿಧಾನವಾಗಿ ಹೋಗುತ್ತಿದ್ದವು. ಎರಡೂ ವೈಫೈನಲ್ಲೇ ಇದ್ದರೆ ಪ್ರತಿ ಫೈಲೂ ಗಾಳಿಯಲ್ಲಿ ಎರಡು ಸಲ ಹೋಗಬೇಕು, ಒಮ್ಮೆ ರೂಟರಿಗೆ, ಅಲ್ಲಿಂದ ಇನ್ನೊಂದಕ್ಕೆ. ಲ್ಯಾಪ್‌ಟಾಪ್ ಹೇಗೂ ರೂಟರ್ ಪಕ್ಕದಲ್ಲೇ ಇರುತ್ತದೆ ಅಲ್ವಾ? ದೊಡ್ಡ ಫೈಲ್ ಕಳಿಸುವಾಗ ಅದಕ್ಕೆ ಲ್ಯಾನ್ ಕೇಬಲ್ ಸಿಕ್ಕಿಸಿಬಿಡುತ್ತೇನೆ.