ನಿಮ್ಮಲ್ಲಿ ಸರ್ಕಾರ ಹೇಗಿರಬೇಕು ಅಂತ ಉಂಟು?

ಈ ಪ್ರಶ್ನೆಯನ್ನು ಬಸ್ಸಿನಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಕೇಳಿದ್ದಾರೆ. ಸ್ಟಾಫ್ ರೂಮಿನಲ್ಲಂತೂ ಪ್ರತಿ ಚುನಾವಣೆಗೂ ಕೇಳುತ್ತಾರೆ. "ಟೀಚರ್, ತಪ್ಪು ತಿಳ್ಕೊಳ್ಬೇಡಿ, ನಿಮ್ಮಲ್ಲಿ ಸರ್ಕಾರ ಹೇಗಿರಬೇಕು ಅಂತ ಉಂಟು?" ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ "ನಿಮ್ಮಲ್ಲಿ" ಬಗ್ಗೆ. ಅಂದರೆ ಮುಸ್ಲಿಮರಲ್ಲಿ ಅಂತ. ನಾನು ಹುಟ್ಟಿದ್ದು ಮಂಗಳೂರಿನ ಬಂದರಿನಲ್ಲಿ. ಅಜ್ಜನ ಅಂಗಡಿಯೂ ಅಲ್ಲೇ ಇತ್ತು. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಸಂವಿಧಾನದ ಪಾಠ ಪ್ರತಿ ವರ್ಷ ನನ್ನದೇ. "ನಿಮ್ಮಲ್ಲಿ" ಅಂದ ಕೂಡಲೇ ನಾನು ಕೂತ ಬೆಂಚಿನಿಂದ ಎದ್ದು ಬೇರೆ ಬೆಂಚಿಗೆ ಹೋಗಬೇಕು ಅನ್ನುವ ಹಾಗೆ ಕೇಳಿಸುತ್ತದೆ. ನಾನು ಹೋಗುವುದಿಲ್ಲ.

2024ರ ಏಪ್ರಿಲ್ 25ರ ರಾತ್ರಿ ಮರೆಯುವುದಿಲ್ಲ. ಮರುದಿನ ದಕ್ಷಿಣ ಕನ್ನಡದಲ್ಲಿ ಲೋಕಸಭೆಗೆ ಮತದಾನ. ನನಗೆ ಪೋಲಿಂಗ್ ಡ್ಯೂಟಿ. ಹಳ್ಳಿ ಶಾಲೆಯೊಂದರಲ್ಲಿ ಬೂತು. ಬೆಂಚು ಜೋಡಿಸಿ ಮಲಗಿದ್ದೆವು. ಸೆಕೆ, ಸೊಳ್ಳೆ. ಪಕ್ಕದಲ್ಲಿದ್ದ ಮೇಡಂ ಒಳ್ಳೆಯವರು, ಮನೆಯಿಂದ ತಂದ ಚಪಾತಿಯಲ್ಲಿ ನನಗೂ ಪಾಲು ಕೊಟ್ಟಿದ್ದರು. ಲೈಟು ಆರಿಸಿದ ಮೇಲೆ ಕೇಳಿದರು: "ಅಲ್ಲ ಟೀಚರ್, ನಿಮ್ಮ ಧರ್ಮದಲ್ಲಿ ಈ ಓಟು ಗೀಟು ಎಲ್ಲ ಒಪ್ತಾರಾ?" ನಾನು "ಹೂಂ" ಅಂದು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಬಂದವರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿದವಳು ನಾನೇ. ಮೇಡಂ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಆ ರಾತ್ರಿ ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ.

ಸರ್ಕಾರದ ನಕ್ಷೆ ಕುರ್‌ಆನ್‌ನಲ್ಲಿ ಇಲ್ಲ. ರಾಜ ಇರಬೇಕಾ, ಅಧ್ಯಕ್ಷ ಇರಬೇಕಾ, ಎಷ್ಟು ವರ್ಷ ಆಳಬೇಕು, ಯಾರು ಆರಿಸಬೇಕು, ಒಂದೂ ಇಲ್ಲ. ಪ್ರವಾದಿ ಮುಹಮ್ಮದ್(ಸ) ತೀರಿಕೊಂಡದ್ದು 632ರಲ್ಲಿ. ಆಮೇಲೆ ಮುಸ್ಲಿಮರನ್ನು ಆಳಿದ ನಾಲ್ವರು ಖಲೀಫರು ನಾಲ್ಕು ಬಗೆಯಲ್ಲಿ ಬಂದರು. ಅಬೂಬಕರ್ ಅವರನ್ನು ಸಭೆ ಸೇರಿದವರು ಒಪ್ಪಿಕೊಂಡರು. ಉಮರ್ ಅವರ ಹೆಸರನ್ನು ಅಬೂಬಕರ್ ಸೂಚಿಸಿದರು. ಉಸ್ಮಾನ್ ಅವರನ್ನು ಆರು ಜನರ ಸಮಿತಿ ಆರಿಸಿತು. ಅಲಿ ಅವರ ಹತ್ತಿರ ಮದೀನಾದ ಜನರೇ ಹೋಗಿ ನೀವು ವಹಿಸಿಕೊಳ್ಳಿ ಅಂದರು. ಒಂದೇ ದಾರಿ ಕಡ್ಡಾಯ ಆಗಿದ್ದರೆ ಪ್ರವಾದಿಯವರಿಗೆ ಅಷ್ಟು ಹತ್ತಿರ ಇದ್ದವರು ನಾಲ್ಕು ದಾರಿ ಹಿಡಿಯುತ್ತಿದ್ದರಾ? ಆ ನಾಲ್ವರ ನಂತರ ಆಳಿದ ಮುಆವಿಯಾ ತನ್ನ ಮಗನಿಗೇ ಪಟ್ಟ ಗೊತ್ತು ಮಾಡಿದ್ದು ಆಮೇಲಿನ ಕಥೆ. ಆ ಮಗ ಯಝೀದ್ 680ರಲ್ಲಿ ಅಧಿಕಾರಕ್ಕೆ ಬಂದ. ಅದೇ ವರ್ಷ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೈನ್ ಅವರನ್ನು ಕೊಂದರು.

ನಕ್ಷೆ ಇಲ್ಲ, ಆದರೆ ಒಂದು ಮಾತು ಇದೆ. ಶೂರಾ. ನಾಲ್ಕು ಜನರನ್ನು ಕೇಳಿ ತೀರ್ಮಾನ ಮಾಡುವುದು. 42ನೇ ಅಧ್ಯಾಯದ ಹೆಸರೇ ಅದು.

ಉಹುದ್ ಯುದ್ಧದ ಕಥೆ ನನಗೆ ಹೇಳಿದ್ದು ಉಮ್ಮ, ನನ್ನ ಅಮ್ಮ. 625ನೇ ಇಸವಿ. ಮಕ್ಕಾದ ಸೈನ್ಯ ಬರುತ್ತಿತ್ತು. ಮದೀನಾದ ಒಳಗೇ ಇದ್ದು ಕಾದಾಡುವುದು ಒಳ್ಳೆಯದು ಅಂತ ಪ್ರವಾದಿಯವರಿಗೆ ಅನ್ನಿಸಿತ್ತು. ಹುಡುಗರು ಹೊರಗೆ ಹೋಗೋಣ ಅಂದರು. ಅವರ ಕಡೆಯೇ ಜಾಸ್ತಿ ಜನ. ಪ್ರವಾದಿಯವರು ತಮ್ಮ ಅಭಿಪ್ರಾಯ ಬಿಟ್ಟು ಅವರ ಜೊತೆ ಹೊರಟರು. ಅಲ್ಲಿ ಗುಡ್ಡದ ಮೇಲೆ ನಿಲ್ಲಿಸಿದ್ದ ಬಿಲ್ಲುಗಾರರು ಗೆದ್ದೆವು ಅಂತ ಜಾಗ ಬಿಟ್ಟು ಇಳಿದರು. ಎಲ್ಲ ತಿರುಗುಮುರುಗಾಯಿತು. ಸುಮಾರು 70 ಜನ ಸತ್ತರು. ಪ್ರವಾದಿಯವರ ಚಿಕ್ಕಪ್ಪ ಹಂಝಾ ಸತ್ತರು. ಪ್ರವಾದಿಯವರ ಹಲ್ಲೇ ಮುರಿಯಿತು. ಇನ್ನು ಮುಂದೆ ಯಾರನ್ನೂ ಕೇಳಬೇಡ ಅನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಾ? ಆದರೆ ಆ ಯುದ್ಧದ ನಂತರ ಬಂದ ವಚನ, 3ನೇ ಅಧ್ಯಾಯದ 159, ಏನು ಹೇಳುತ್ತದೆ ನೋಡಿ. ಅವರನ್ನು ಕ್ಷಮಿಸು, ಮುಂದೆಯೂ ಅವರನ್ನು ಕೇಳು ಅನ್ನುತ್ತದೆ. ದೇವರ ಮಾತು ನೇರವಾಗಿ ಬರುತ್ತಿದ್ದ ಮನುಷ್ಯರಿಗೇ ಇದನ್ನು ಬಿಡಲು ಆಗಲಿಲ್ಲ. ಹೋದ ಸಲ ಜನ ತಪ್ಪು ಮಾಡಿದರು ಅಂತ ಈ ಸಲ ಅವರನ್ನು ಕೇಳದೆ ಇರಬಹುದಾ? ಶಾಯಿ ಬಾಟಲಿ ಹಿಡಿದು ಕೂತಾಗ ನನ್ನ ತಲೆಯಲ್ಲಿ ಇದೇ ಇತ್ತು. ನನ್ನ ನಂಬಿಕೆಗೆ ಒಪ್ಪುವ ಸರ್ಕಾರ ಎಲ್ಲರನ್ನೂ ಕೇಳುತ್ತದೆ, ಮತ್ತೆ ಮತ್ತೆ ಕೇಳುತ್ತದೆ. ನನ್ನ ಹಾಗೆ ನಮಾಜ್ ಮಾಡದವರನ್ನೂ ಕೇಳುತ್ತದೆ.

ಇಷ್ಟು ಹೇಳಿದ ಮೇಲೆ ಯಾರಾದರೂ ಇನ್ನೊಂದು ಪ್ರಶ್ನೆ ಕೇಳಲಿ ಅಂತ ಕಾಯುತ್ತೇನೆ. "ಟೀಚರ್, ನಿಮ್ಮ ಜಮಾಅತ್‌ನಲ್ಲಿ ನಿಮ್ಮನ್ನು ಕೇಳ್ತಾರಾ?"

ಕೇಳುವುದಿಲ್ಲ. ಜಮಾಅತ್ ಅಂದರೆ ನಮ್ಮ ಮಸೀದಿಗೆ ಸೇರಿದವರ ಕೂಟ. ಅದರ ಮಹಾಸಭೆಗೆ ಗಂಡಸರಿಗೆ ಮಾತ್ರ ಕರೆ. ಎರಡು ವರ್ಷದ ಹಿಂದೆ, ಮಕ್ಕಳು ಧರ್ಮಪಾಠ ಕಲಿಯುವ ಮದ್ರಸದ ಸಮಯವನ್ನು ಅರ್ಧ ಗಂಟೆ ಮೊದಲಿಗೆ ತಂದರು. ಮಕ್ಕಳನ್ನು ಎಬ್ಬಿಸಿ, ಮುಖ ತೊಳೆಸಿ, ತಿನ್ನಿಸಿ ಕಳಿಸುವವರು ನಾವು. ನಮಗೆ ಗೊತ್ತಾದದ್ದು ವಾಟ್ಸಾಪ್‌ನಲ್ಲಿ. ಮುಂದಿನ ಸಭೆಗೆ ಒಂದು ಚೀಟಿ ಬರೆದು ಮನೆಯವರ ಕೈಯಲ್ಲಿ ಕಳಿಸಿದೆ. ಅದನ್ನು ಓದಲೇ ಇಲ್ಲ. "ಹೆಂಗಸರ ಅಭಿಪ್ರಾಯ ಮನೆಯಲ್ಲೇ ಕೇಳಿಕೊಳ್ಳಿ" ಅಂದರಂತೆ.

ಹಾಗೆ ಅಂದವರಿಗೆ ಹುದೈಬಿಯಾದ ಕಥೆ ಚೆನ್ನಾಗಿ ಗೊತ್ತು. 628ರಲ್ಲಿ ಮಕ್ಕಾ ಹತ್ತಿರದ ಆ ಜಾಗದಲ್ಲಿ ಮಕ್ಕಾದವರ ಜೊತೆ ಒಪ್ಪಂದ ಆಯಿತು. ಪ್ರವಾದಿಯವರ ಜೊತೆ ಯಾತ್ರೆಗೆ ಬಂದಿದ್ದವರಿಗೆ ಅದು ಇಷ್ಟ ಆಗಲಿಲ್ಲ. ಯಾತ್ರೆ ಇಲ್ಲಿಗೇ ಮುಗಿಸಿ, ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಅಂತ ಪ್ರವಾದಿಯವರು ಮೂರು ಸಲ ಹೇಳಿದರೂ ಒಬ್ಬರೂ ಏಳಲಿಲ್ಲ. ಅವರು ಡೇರೆಯ ಒಳಗೆ ಹೋಗಿ ಹೆಂಡತಿ ಉಮ್ಮು ಸಲಮಾ ಅವರಿಗೆ ಹೇಳಿಕೊಂಡರು. ಅವರು ಅಂದರು, ಯಾರ ಹತ್ತಿರವೂ ಮಾತಾಡಬೇಡಿ, ಹೊರಗೆ ಹೋಗಿ ನೀವೇ ಮೊದಲು ಮಾಡಿ. ಪ್ರವಾದಿಯವರು ಹಾಗೇ ಮಾಡಿದರು. ಆಗ ಎಲ್ಲರೂ ಎದ್ದರು. ಅಷ್ಟು ಗಂಡಸರು ಕೂತಲ್ಲೇ ಕೂತಿದ್ದಾಗ ದಾರಿ ತೋರಿಸಿದ್ದು ಒಬ್ಬ ಹೆಂಗಸು.

ನನ್ನ ಚೀಟಿಯಲ್ಲಿ ಬರೆದದ್ದೂ ಇದನ್ನೇ. ಈ ಸಲದ ಮಹಾಸಭೆಗೆ ಮತ್ತೆ ಬರೆದಿದ್ದೇನೆ. ಕೆಳಗೆ ಹದಿನಾಲ್ಕು ಹೆಂಗಸರ ಸಹಿ ಇದೆ. ಮೊದಲ ಸಹಿ ಉಮ್ಮನದು. ಮನೆಯವರ ಕೈಯಲ್ಲಿ ಕಳಿಸುವುದಿಲ್ಲ. ಭಾನುವಾರ ಕಮಿಟಿ ಆಫೀಸಿಗೆ ನಾವೇ ಹೋಗಿ ಕೊಡುತ್ತೇವೆ.