ಎರಡನೇ ಜೊತೆ ಸಮವಸ್ತ್ರಕ್ಕೂ ಕೋರ್ಟಿಗೆ ಹೋಗಬೇಕಿತ್ತೇ?

ಹೋಗಲೇಬೇಕಿತ್ತು. ಸರ್ಕಾರಿ ಶಾಲೆಗಳ ವಿಷಯ ಎತ್ತಿದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಆ ‘ಸಮವಸ್ತ್ರಕ್ಕೂ’ ಎಂಬ ತಾತ್ಸಾರ ನನಗೆ ಸಹಿಸಲಾಗುವುದಿಲ್ಲ.

ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬನ ಪರವಾಗಿ ಹೈಕೋರ್ಟಿನಲ್ಲಿ ಅರ್ಜಿ ದಾಖಲಾಗಿತ್ತು. ಸರ್ಕಾರಿ ಶಾಲೆಯ ಮಕ್ಕಳಿಗೆ ಎರಡನೇ ಜೊತೆ ಸಮವಸ್ತ್ರ, ಶೂ, ಕಾಲುಚೀಲ ಕೊಡಬೇಕೆಂದು 2019ರಲ್ಲಿ ಆದೇಶವಾಯಿತು.

ಮದುವೆಯ ಊಟದ ಪಂಕ್ತಿಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು ನನಗೆ ಬುದ್ಧಿ ಹೇಳಿದರು: “ಒಂದು ಜೊತೆ ಕೊಟ್ಟಿದ್ದಾರಲ್ಲ, ಒಗೆದು ಹಾಕಿಕೊಳ್ಳಲಿ.” ಮಳೆಗಾಲದಲ್ಲಿ ಒಗೆದದ್ದು ಒಣಗದ ದಿನ ಆ ಮಗು ಏನು ತೊಟ್ಟು ಹೋಗಬೇಕು ಸರ್ ಎಂದೆ. ಸುತ್ತಲಿನವರು ತಿರುಗಿ ನೋಡುವಷ್ಟು ನನ್ನ ದನಿ ಏರಿತ್ತು. ಅದಕ್ಕೆ ನನಗೆ ಬೇಸರವಿಲ್ಲ. ಬಣ್ಣದ ಅಂಗಿ ತೊಟ್ಟು ಬಂದು ತರಗತಿಯ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಮನೆಯಲ್ಲೇ ಉಳಿಯುವುದು ವಾಸಿ ಎಂದುಕೊಳ್ಳುವ ಮಕ್ಕಳಿದ್ದಾರೆ. ಕಲಿಕೆಗೆ ಅಡ್ಡಿಯಾಗುವ ಯಾವ ಶುಲ್ಕವನ್ನೂ ವೆಚ್ಚವನ್ನೂ ಮಗುವಿನ ಮೇಲೆ ಹೇರಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಬಟ್ಟೆಗೆ ದುಡ್ಡು ಬೇಡವೇ?

ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 1992ರಲ್ಲಿ ಸಾರಿದ್ದು ನಮ್ಮ ರಾಜ್ಯದ ಮೊಕದ್ದಮೆಯಲ್ಲೇ: ಖಾಸಗಿ ವೈದ್ಯಕೀಯ ಕಾಲೇಜಿನ ಶುಲ್ಕವನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಉಚಿತ ಶಿಕ್ಷಣದ ಹಕ್ಕನ್ನು 14 ವರ್ಷದವರೆಗೆ ಎಂದು ನಿಗದಿಪಡಿಸಿತು. 2002ರ ತಿದ್ದುಪಡಿಯಿಂದ, ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಡುವ 21ಎ ವಿಧಿ ಸಂವಿಧಾನಕ್ಕೆ ಸೇರಿತು, 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ವೈದ್ಯಕೀಯ ಸೀಟಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರನ್ನು ‘ಇದಕ್ಕೂ ಹೋಗಬೇಕಿತ್ತೇ’ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಕೇಳಿಸಿಕೊಳ್ಳುವ ಪಾಳಿ ಸರ್ಕಾರಿ ಶಾಲೆಯ ಮಕ್ಕಳದ್ದು ಮಾತ್ರ.

ಆದೇಶದ ನಂತರ ಏನಾಯಿತು ಎಂದು ಕೇಳಿ. ಅದನ್ನು ಯಾರೂ ಕೇಳುವುದಿಲ್ಲ. 2023ರಲ್ಲಿ, ಆದೇಶ ಪಾಲನೆಯಾಗಿಲ್ಲವೆಂದು ಅದೇ ಹೈಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ನಡುವೆ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದು ನಿಜ, ಆದರೆ ಅವು ತೆರೆದ ಮೇಲೂ ಕಾದವರು ಮಕ್ಕಳೇ. 2019ರಲ್ಲಿ ಐದನೇ ತರಗತಿಯಲ್ಲಿದ್ದ ಮಗು 2023ರ ಜನವರಿಯ ಹೊತ್ತಿಗೆ ಎಂಟನೇ ತರಗತಿಯಲ್ಲಿರುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗುವ ಕೊನೆಯ ತರಗತಿ ಅದು. ಅಷ್ಟು ಹೊತ್ತಿಗೆ ಗೆದ್ದ ಹಕ್ಕು ಆ ಮಗುವಿನ ಪಾಲಿಗೆ ಮುಗಿಯುತ್ತಾ ಬಂದಿರುತ್ತದೆ.

ಹಾಗಾಗಿ ಅರ್ಜಿ ಹಾಕಿದವರನ್ನು ಬಿಟ್ಟು, ಇಲಾಖೆಯನ್ನು ಕೇಳಿ. ಶಾಲೆ ಶುರುವಾಗುವ ದಿನವೇ ಎರಡೂ ಜೊತೆ ಮಕ್ಕಳ ಕೈಸೇರದಿದ್ದರೆ ಹೊಣೆ ಯಾವ ಅಧಿಕಾರಿಯದು? ಆ ಹುದ್ದೆಯ ಹೆಸರು ಪ್ರತಿ ವರ್ಷದ ಸುತ್ತೋಲೆಯಲ್ಲಿ ಮೊದಲೇ ಅಚ್ಚಾಗಿರಲಿ.