ಬರೆದು ಅಳಿಸಲಾಗದ ಮಾತು

ಫೇಸ್‌ಬುಕ್‌ನಲ್ಲಿ ನಾನು ಹತ್ತು ವರ್ಷಗಳಿಂದ ಬರೆಯುತ್ತಿದ್ದೇನೆ. ಓದಿದ ಪುಸ್ತಕ, ನೋಡಿದ ಯಕ್ಷಗಾನ, ಅಡುಗೆಮನೆಯ ಪ್ರಯೋಗ ಎಲ್ಲವೂ ಅಲ್ಲಿವೆ. ಅವುಗಳ ಮೂಲಕ ಪರಿಚಯವಾದವರು ನನ್ನನ್ನು ಒಳ್ಳೆಯ ಮಾತುಗಾರ್ತಿ ಎಂದೇ ತಿಳಿದಿದ್ದಾರೆ. ಕಳೆದ ತಿಂಗಳು ಶಿರಸಿಯಲ್ಲಿ ನಡೆದ ನೆಂಟರ ಮದುವೆಯಲ್ಲಿ ಅಂತಹ ಓದುಗರೊಬ್ಬರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಕುಳಿತು, "ನಿಮ್ಮ ಬರಹಗಳನ್ನು ತಪ್ಪದೆ ಓದುತ್ತೇನೆ" ಎಂದಾಗ, ಧನ್ಯವಾದ ಎಂಬ ಒಂದು ಪದದ ಆಚೆಗೆ ನನಗೆ ಏನೂ ಹೊಳೆಯಲಿಲ್ಲ. ಪಾಯಸ ಬರುವವರೆಗೂ ಇಬ್ಬರೂ ಎಲೆಯನ್ನೇ ನೋಡುತ್ತ ಉಂಡೆವು.

ಆ ಮೌನ ನನ್ನನ್ನು ಬಹಳ ಕಾಡಿತು. ಸಂವಹನ ವಿದ್ವಾಂಸ ಜೋಸೆಫ್ ವಾಲ್ಥರ್ 1996ರಲ್ಲೇ, ಅಂದರೆ ಫೇಸ್‌ಬುಕ್ ಹುಟ್ಟುವ ಎಂಟು ವರ್ಷ ಮೊದಲೇ, ಇದರ ಒಂದು ಕಾರಣವನ್ನು ವಿವರಿಸಿದ್ದರು: ಕಂಪ್ಯೂಟರಿನ ಮೂಲಕ ಸಂವಾದಿಸುವವರಿಗೆ ಯೋಚಿಸಲು, ತಿದ್ದಲು, ತಮ್ಮ ಯಾವ ಮುಖವನ್ನು ತೋರಿಸಬೇಕೆಂದು ಆರಿಸಿಕೊಳ್ಳಲು ಬಿಡುವು ಸಿಗುತ್ತದೆ, ಓದುವವರು ಉಳಿದುದನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಾರೆ, ಹೀಗಾಗಿ ಮುಖಾಮುಖಿ ಭೇಟಿಗಿಂತ ಆ ಪರಿಚಯವೇ ಹೆಚ್ಚು ಆಪ್ತವೆನಿಸಬಹುದು. ಎದುರು ಕುಳಿತವರೊಡನೆ ಈ ಬಿಡುವಿಲ್ಲ. ಅಲ್ಲಿ ಕಣ್ಣು ನೋಡಬೇಕು, ಮಾತಿನ ಸರದಿಯನ್ನು ಗುರುತಿಸಬೇಕು, ತಡವರಿಸಿದರೂ ಮುಂದುವರಿಯಬೇಕು.

ಜಾಲತಾಣದಲ್ಲಿರುವ ನಾನು ಸುಳ್ಳಲ್ಲ ಎಂದೇ ನನ್ನ ನಂಬಿಕೆ. ಊರಿನಲ್ಲಿ ಹೇಳಿಕೊಳ್ಳಲಾಗದ ಎಷ್ಟೋ ಅಭಿರುಚಿಗಳಿಗೆ ಅಲ್ಲಿಯೇ ಜೊತೆ ಸಿಕ್ಕಿತು. ಆದರೆ ಕೇಳಿಸಿಕೊಳ್ಳುವುದನ್ನು ನಾನು ಅಲ್ಲಿ ಕಲಿಯಲಿಲ್ಲ. ಈಗ ಬಸ್ಸಿನ ಸಹಪ್ರಯಾಣಿಕರೊಡನೆ, ಅಂಗಡಿಯವರೊಡನೆ ಒಂದು ಪ್ರಶ್ನೆ ಹೆಚ್ಚಾಗಿ ಕೇಳುತ್ತೇನೆ. ಮೊನ್ನೆ ಹಾಲಿನ ಡೈರಿಯ ಮುಂದೆ ಅಜ್ಜಿಯೊಬ್ಬರು ತಮ್ಮ ಹಸುವಿಗೆ ಹೆಸರಿಟ್ಟ ಕಥೆಯನ್ನು ಹೇಳತೊಡಗಿದರು. ಫೋನನ್ನು ಚೀಲದಿಂದ ತೆಗೆಯದೆ ಕೊನೆಯವರೆಗೂ ನಿಂತು ಕೇಳಿದೆ.